ಕೊಪ್ಪರಿಗೆಯ ಇನ್ನೊಂದು ಕಿವಿ

ಸುಟ್ಟ ಗಾಯಗಳೆಲ್ಲ ಒಂದೇ ಜಾತಿ ಎಂದು ನಾನು ಇಪ್ಪತ್ತೇಳನೆಯ ವಯಸ್ಸಿನವರೆಗೂ ನಂಬಿದ್ದೆ. ಹಗಲಿಡೀ ಬೆಂಕಿಯ ಮುಂದೆ ನಿಲ್ಲುವವನಿಗೆ ಇಷ್ಟೂ ತಿಳಿಯದೇ ಎಂದು ಆಸ್ಪತ್ರೆಯ ಸಿಸ್ಟರ್ ಬೈದಾಗ ನನಗೆ ಸಿಟ್ಟು ಬಂದಿತ್ತು. ಆದರೆ ಬೈದದ್ದು ಸುಳ್ಳಲ್ಲ. ಘಾಟ್ಕೋಪರ್ ಸ್ಟೇಷನ್ನಿನ ಹತ್ತಿರದ ನಮ್ಮ ಉಡುಪಿ ಹೋಟೆಲಿನ ಅಡಿಗೆಮನೆಯಲ್ಲಿ ದಿನಕ್ಕೊಬ್ಬನಾದರೂ ಎಲ್ಲಾದರೂ ಸುಟ್ಟುಕೊಳ್ಳುತ್ತಿದ್ದ. ಹೆಚ್ಚು ಕೂಗಿದವನಿಗೆ ಹೆಚ್ಚು ಸುಟ್ಟಿದೆ, ಕೂಗದವನಿಗೆ ಏನೂ ಆಗಿಲ್ಲ. ಇದೇ ನಮ್ಮ ವೈದ್ಯಶಾಸ್ತ್ರ. ಮದ್ದೂ ಒಂದೇ, ರುಬ್ಬಿಟ್ಟ ಇಡ್ಲಿ ಹಿಟ್ಟು. ತಣ್ಣಗಿರುತ್ತದೆ, ಪಾತ್ರೆ ತುಂಬ ಇರುತ್ತದೆ, ಕೈಗೆ ಸಿಗುವಷ್ಟು ಹತ್ತಿರ ಇರುತ್ತದೆ. ಸುಟ್ಟಲ್ಲಿ ಎರಡು ಸೌಟು ಸುರಿದರೆ ಉರಿ ಒಮ್ಮೆಗೆ ತಣಿಯುತ್ತಿತ್ತು. ಅದು ಒಣಗಿ ಬಿರಿದು ಉದುರುವಾಗ ಚರ್ಮವೂ ಸ್ವಲ್ಪ ಬರುತ್ತಿತ್ತು, ಅದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ.

ಕೂಗದವರಲ್ಲಿ ಮೊದಲನೆಯವರು ನಮ್ಮ ಅಡಿಗೆ ಭಟ್ಟರು. ಉಡುಪಿಯ ಹತ್ತಿರ ನಮ್ಮ ಊರಿಗೂ ಅವರ ಊರಿಗೂ ನಡುವೆ ಒಂದು ಗದ್ದೆ ಬಯಲು ಮಾತ್ರ. ಅರವತ್ತರ ದಶಕದ ಕೊನೆಗೆ, ಊರಿನಲ್ಲಿ ಮಾಡಲು ಕೆಲಸವಿಲ್ಲದೆ ಮದುವೆ ಮುಂಜಿಗಳಲ್ಲಿ ಬಡಿಸಿಕೊಂಡು ತಿರುಗುತ್ತಿದ್ದ ನನ್ನನ್ನು ಅವರೇ ಮುಂಬಯಿಗೆ ಕರೆದುಕೊಂಡು ಬಂದರು. ಆಗ ಅವರಿಗೆ ನಲವತ್ತು ದಾಟಿತ್ತು. ಆವಿ ಏಳುತ್ತಿರುವ ಇಡ್ಲಿ ತಟ್ಟೆಗಳನ್ನು ಬರಿಗೈಯಲ್ಲಿ ತೆಗೆಯುತ್ತಿದ್ದರು. ಕಾದ ಕಾವಲಿಯ ಅಂಚು ಹಿಡಿದು ಪಕ್ಕಕ್ಕೆ ಸರಿಸುತ್ತಿದ್ದರು. ಭಟ್ಟಿಯಿಂದ ಹೊರಗೆ ಬಿದ್ದ ಕೆಂಡವನ್ನು ಎರಡು ಬೆರಳಲ್ಲಿ ಎತ್ತಿ ಒಳಗೆ ಹಾಕಿದ್ದನ್ನು ನಾನೇ ಕಂಡಿದ್ದೇನೆ. ಬಡಿಸುವ ಕಿಂಡಿಯ ಹೊರಗೆ ನಿಂತ ಗುಜರಾತಿ ಗಿರಾಕಿಗಳು ಅದನ್ನು ನೋಡಿ ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ. ನಮ್ಮ ಊರ ಕಡೆಯವರು, ನಮ್ಮ ಭಟ್ಟರು.

ಅವರು ಅಡಿಗೆಮನೆಯಲ್ಲಿ ಹಿಡಿಬಟ್ಟೆ ಕೂಡದು ಎನ್ನುತ್ತಿದ್ದರು. ಕಾರಣ ಮಡಿ. ಹತ್ತು ಜನ ಕೈ ಒರೆಸಿದ ಬಟ್ಟೆ, ಎಂಜಲು ಮುಸುರೆ ಎಲ್ಲ ತಾಗಿದ ಬಟ್ಟೆ, ಅದರಿಂದ ಅನ್ನದ ಪಾತ್ರೆ ಮುಟ್ಟುವುದೇ? ಹೋಟೆಲಿನ ಧಣಿಗಳೂ ಅದಕ್ಕೆ ತಲೆಯಾಡಿಸಿದ್ದರು. ಉಳಿದವರು ಭಟ್ಟರ ಬೆನ್ನು ಆಚೆ ತಿರುಗಿದ ಕೂಡಲೇ ಪಂಚೆಯ ಚುಂಗೋ, ಬಾಳೆಲೆಯ ತುಂಡೋ ಸಿಕ್ಕಿಸಿಕೊಂಡು ಕೆಲಸ ಸಾಗಿಸುತ್ತಿದ್ದರು. ನಾನು ಮಾತ್ರ ಹಾಗೆ ಮಾಡಲಿಲ್ಲ. ಮಾಡಲು ಆಗುತ್ತಲೂ ಇರಲಿಲ್ಲ. ಏಕೆಂದರೆ ಸಾಂಬಾರಿನ ಕೊಪ್ಪರಿಗೆ ಇಳಿಸುವಾಗ ಅದರ ಎರಡು ಹಿಡಿಕೆಗಳಲ್ಲಿ ಒಂದನ್ನು ಅವರು ಹಿಡಿದರೆ ಇನ್ನೊಂದನ್ನು ಹಿಡಿಯುವವನು ನಾನು. ಹಿಡಿಕೆಗೆ ನಾವು ಕಿವಿ ಅನ್ನುತ್ತಿದ್ದೆವು. ಬೇರೆ ಯಾರಾದರೂ ಬಂದು ಆ ಕಿವಿ ಹಿಡಿಯಲು ಹೋದರೆ ಭಟ್ಟರು ಗದರಿಸಿ ಕಳಿಸುತ್ತಿದ್ದರು. ಅವನೇ ಬರಲಿ, ಅನ್ನುತ್ತಿದ್ದರು. ನಾಲ್ಕು ವರ್ಷ ದಿನಕ್ಕೆ ಎರಡು ಸಲ ಆ ಕೊಪ್ಪರಿಗೆಯನ್ನು ಅವರ ಎದುರು ನಿಂತು ಎತ್ತಿದ್ದೇನೆ.

ಪ್ರೀತಿ ಎಂದೇ ತಿಳಿದಿದ್ದೆ. ಪ್ರೀತಿ ಅಲ್ಲದೆ ಇನ್ನೇನು? ಹೋಟೆಲಿನ ಹಿಂದೆ ಹಂಡೆಯಲ್ಲಿ ಸ್ನಾನದ ನೀರು ಕಾದಾಗ ಹಿರಿಯರು ಮೊದಲು ಮೀಯಬೇಕಲ್ಲ. ಅವರು ನನ್ನನ್ನು ಮೊದಲು ಕಳಿಸುತ್ತಿದ್ದರು. ಬೆಳಿಗ್ಗೆ ಕಾಫಿ ಹೊಯ್ದರೆ ಮೊದಲ ಲೋಟ ನನ್ನ ಕೈಗೆ. ನಾನು ಹಿಡಿದು ಒಂದು ಗುಟುಕು ಕುಡಿಯುವವರೆಗೆ ನನ್ನನ್ನೇ ನೋಡುತ್ತಾ ಕುಳಿತಿದ್ದು ಆಮೇಲೆ ತಮ್ಮ ಲೋಟ ಎತ್ತಿಕೊಳ್ಳುತ್ತಿದ್ದರು. ಅಪ್ಪ ಕೂಡ ನನ್ನನ್ನು ಹಾಗೆ ನೋಡಿದ್ದಿಲ್ಲ. ಊರಿಗೆ ಬರೆದ ಕಾಗದಗಳಲ್ಲಿ ನಾನು ಇದನ್ನೆಲ್ಲ ಬರೆದಿದ್ದೆ. ಅಮ್ಮ ಅವರ ಹೆಸರಿನಲ್ಲಿ ದೇವಸ್ಥಾನದಲ್ಲಿ ತುಪ್ಪದ ದೀಪ ಹಚ್ಚಿಸುತ್ತಿದ್ದಳು.

ಧಣಿಗಳು ಮುಲುಂಡಿನಲ್ಲಿ ಇನ್ನೊಂದು ಹೋಟೆಲು ತೆರೆಯುವುದೆಂದು ಜಾಗ ನೋಡಿಟ್ಟಿದ್ದರು. ಅಲ್ಲಿನ ಅಡಿಗೆಮನೆ ನನಗೆ ಎಂದು ಒಮ್ಮೆ ಎಲ್ಲರ ಎದುರೇ ಹೇಳಿಯೂ ಇದ್ದರು, ಆದರೆ ಭಟ್ಟರು ಒಪ್ಪಬೇಕು. ಭಟ್ಟರು ಒಪ್ಪುತ್ತಿರಲಿಲ್ಲ. ಕೈ ಇನ್ನೂ ಹದಕ್ಕೆ ಬಂದಿಲ್ಲ, ಇನ್ನೊಂದು ವರ್ಷ ಇರಲಿ, ಎನ್ನುತ್ತಿದ್ದರು. ನನಗೆ ಬೇಕಾಗಿದ್ದದ್ದು ಪ್ರಪಂಚದಲ್ಲಿ ಅದೊಂದೇ. ಮುಲುಂಡಿನ ಅಡಿಗೆಮನೆ ಸಿಕ್ಕಿದರೆ ಮದುವೆ, ಚಾಳಿನಲ್ಲಿ ಒಂದು ಕೋಣೆ, ಅಮ್ಮನನ್ನು ಕರೆಸಿಕೊಳ್ಳುವುದು, ಎಲ್ಲವೂ ಅದರ ಹಿಂದೆ ಸಾಲಾಗಿ ನಿಂತಿದ್ದವು. ನನ್ನ ಕೊರತೆ ಏನೆಂದು ನಾನೇ ಯೋಚಿಸಿ ಕಂಡುಕೊಂಡೆ. ಕೊಪ್ಪರಿಗೆ ಎತ್ತುವಾಗ ನನ್ನ ಮುಖ ಕಿವುಚಿಕೊಳ್ಳುತ್ತಿತ್ತು, ಆಗೆಲ್ಲ ಭಟ್ಟರು ಅದನ್ನು ಕೆಳಗಿಟ್ಟು, ಕಿವಿ ಸ್ವಲ್ಪ ಆರಿದ ಮೇಲೆ ಮತ್ತೆ ಎತ್ತುತ್ತಿದ್ದರು. ದೋಸೆ ಹಾಕುವವನು ಅದನ್ನು ಅಣಕಿಸಿ ತೋರಿಸುತ್ತಿದ್ದ, ಎಲ್ಲರೂ ನಗುತ್ತಿದ್ದರು. ಭಟ್ಟರ ಮುಖವಾದರೋ ದೇವರ ಮುಂದೆ ಕುಳಿತವರ ಹಾಗೆ. ಸರಿ, ಮುಖ ಪಳಗಿಸುವುದೇ ದಾರಿ ಎಂದುಕೊಂಡೆ. ಕಾವಲಿಯ ಅಂಚಿಗೆ ಬೆರಳು ತಾಗಿಸಿಕೊಂಡು, ಹಲ್ಲು ಕಚ್ಚದೆ, ಹುಬ್ಬು ಗಂಟಿಕ್ಕದೆ ಹತ್ತರವರೆಗೆ ಎಣಿಸುತ್ತಿದ್ದೆ. ಗೋಡೆಗೆ ಸಿಕ್ಕಿಸಿದ ಒಡೆದ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದೆ. ಬೆರಳ ತುದಿಗಳು ಬೊಬ್ಬೆ ಎದ್ದು ಒಡೆದು ಮತ್ತೆ ಎದ್ದವು. ಆರು ತಿಂಗಳಲ್ಲಿ ಮುಖ ಪಳಗಿತು. ಇಂಥ ಮೂರ್ಖತನಕ್ಕೆ ನಾನು ಆಗ ಸಾಧನೆ ಎಂದು ಹೆಸರಿಟ್ಟಿದ್ದೆ.

ಅದು ಆದದ್ದು ಒಂದು ಶನಿವಾರ, ಮಧ್ಯಾಹ್ನದ ಊಟಕ್ಕೆ ಮೊದಲು. ಆವತ್ತು ಕೊಪ್ಪರಿಗೆ ಭಟ್ಟಿಯ ಮೇಲೆ ಎಂದಿಗಿಂತ ಹೆಚ್ಚು ಹೊತ್ತು ಇತ್ತು, ಜ್ವಾಲೆ ಪಕ್ಕಕ್ಕೆ ಎದ್ದು ಕಿವಿಗಳನ್ನು ನೆಕ್ಕುತ್ತಿತ್ತು. ನಾವಿಬ್ಬರೂ ಹಿಡಿದೆವು. ಭಟ್ಟರು ಎಂದಿನಂತೆ ನನ್ನ ಮುಖ ನೋಡಿದರು. ನಾನು ಶಾಂತವಾಗಿ ಅವರನ್ನು ನೋಡಿದೆ. ಬೆರಳಿನಿಂದ ಭುಜದವರೆಗೆ ಉರಿ ಏರಿತ್ತು, ಆದರೆ ನೋಡಲಿ, ಇವತ್ತಾದರೂ ನೋಡಲಿ, ಎಂಬ ಛಲ. ಅವರು ನಡೆ ಎಂದರು. ಮೂರನೆಯ ಹೆಜ್ಜೆಗೆ ನನ್ನ ಬೆರಳುಗಳು ನನ್ನನ್ನು ಕೇಳದೆ ಬಿಟ್ಟುಬಿಟ್ಟವು. ಭಟ್ಟರು ಬಿಡಲಿಲ್ಲ. ಅವರ ಕಡೆ ಎತ್ತರದಲ್ಲೇ ನಿಂತಿತು, ನನ್ನ ಕಡೆ ಕೆಳಗಾಯಿತು, ಕುದಿಯುವ ಸಾಂಬಾರು ಪೂರ್ತಿ ನನ್ನ ಎರಡು ಕಾಲುಗಳ ಮೇಲೆ ಸುರಿಯಿತು.

ಕೂಗಿದೆನಂತೆ. ರೈಲಿನ ಸದ್ದಿನ ಮೇಲೂ ಸ್ಟೇಷನ್ನಿಗೆ ಕೇಳಿತಂತೆ. ಎಲ್ಲರೂ ಸೇರಿ ಇಡ್ಲಿ ಹಿಟ್ಟಿನ ಪಾತ್ರೆಯನ್ನೇ ಎತ್ತಿಕೊಂಡು ಬಂದು ಮಂಡಿಯಿಂದ ಕೆಳಗೆ ಸುರಿದರು. ನಲ್ಲಿ ಎರಡು ಮಾರು ದೂರದಲ್ಲಿತ್ತು, ಯಾರಿಗೂ ಅದರ ನೆನಪಾಗಲಿಲ್ಲ. ಟ್ಯಾಕ್ಸಿಯಲ್ಲಿ ಮುನಿಸಿಪಾಲಿಟಿ ಆಸ್ಪತ್ರೆಗೆ ಹೋಗುವಾಗ ಬಲಗಾಲು ಜೀವ ಹೋಗುವಂತೆ ಉರಿಯುತ್ತಿತ್ತು. ಎಡ ಮೊಣಕಾಲಿನ ಕೆಳಗಿನ ಭಾಗದಲ್ಲಿ ಮಾತ್ರ ಒಂದಿಷ್ಟು ಜಾಗ ಆರಾಮವಾಗಿತ್ತು. ಅಷ್ಟಾದರೂ ಉಳಿಯಿತಲ್ಲ ಎಂದು ದೇವರಿಗೆ ಕೈ ಮುಗಿದೆ. ಭಟ್ಟರ ಎರಡು ಅಂಗೈಗಳೂ ಸುಟ್ಟಿದ್ದವು. ನನ್ನನ್ನು ಎಳೆದು ಉಳಿಸಲು ಹೋಗಿ ಸುಟ್ಟುಕೊಂಡರು ಎಂದು ಎಲ್ಲರೂ ಹೇಳಿದರು. ಅವರೂ ಇಲ್ಲ ಅನ್ನಲಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡು ಮಾರನೆಯ ದಿನವೇ ಭಟ್ಟಿಯ ಮುಂದೆ ನಿಂತರಂತೆ.

ವಾರ್ಡಿನ ಸಿಸ್ಟರ್ ಮಂಗಳೂರಿನ ಕಡೆಯ ಕ್ರಿಶ್ಚಿಯನ್ನರು, ಮನೆಮಾತು ಕೊಂಕಣಿ, ನಮ್ಮ ಹತ್ತಿರ ಕನ್ನಡ. ಐವತ್ತರ ಹತ್ತಿರದ ವಯಸ್ಸು, ಚಿಕ್ಕ ಮೈ, ದೊಡ್ಡ ದನಿ. ನನ್ನ ಕಾಲ ಮೇಲೆ ಗಟ್ಟಿಯಾಗಿ ಅಂಟಿದ್ದ ಹಿಟ್ಟನ್ನು ಉಪ್ಪುನೀರಿನಲ್ಲಿ ನೆನೆಸಿ ಇಷ್ಟಿಷ್ಟೇ ಬಿಡಿಸಲು ಅವರಿಗೆ ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಬೈದರು. ಒಳಗೆ ಎಷ್ಟು ಸುಟ್ಟಿದೆ ಎಂದು ನೋಡಲೂ ಆಗದಂತೆ ಗಾರೆ ಮೆತ್ತಿಕೊಂಡು ಬರುತ್ತೀರಿ, ಮೊದಲ ಕ್ಷಣದಲ್ಲಿ ಬೇಕಾದದ್ದು ತಣ್ಣೀರು, ಸುಮ್ಮನೆ ನಲ್ಲಿಯ ನೀರು, ಉರಿ ಇಳಿಯುವವರೆಗೂ ಸುರಿಯುತ್ತಲೇ ಇರಬೇಕು, ಅದು ಬಿಟ್ಟು ಮಿಕ್ಕಿದ್ದೆಲ್ಲ ಹಾಕುತ್ತೀರಿ ಎಂದು. ಪಕ್ಕದ ಮಂಚದಲ್ಲಿ ಭಾಂಡುಪಿನ ಬೇಕರಿಯಲ್ಲಿ ಪಾವ್ ಸುಡುವ ಬಿಜಾಪುರ ಕಡೆಯ ಸಾಹೇಬರೊಬ್ಬರು ಮಲಗಿದ್ದರು, ಭಟ್ಟಿಯ ಬಾಯಿಯಿಂದ ಬಂದ ಜ್ವಾಲೆಗೆ ತೋಳು ಸುಟ್ಟಿತ್ತು. ಅಷ್ಟು ನೋವಿನಲ್ಲೂ ನನ್ನ ಕಡೆ ತಿರುಗಿ, “ಇನ್ನೊಂದ್ ಸ್ವಲ್ಪ ಹೊತ್ತು ಬೇಯಿಸಿದ್ರ ನೀ ಇಡ್ಲೀನ ಆಗ್ತಿದ್ದಿ ನೋಡ ತಮ್ಮಾ,” ಎಂದರು.

ಆ ವಾರ್ಡೇ ನನ್ನ ಪಾಠಶಾಲೆಯಾಯಿತು. ಬೇಕರಿಯ ಸಾಹೇಬರು ಗಾಳಿ ಬೀಸಿದರೂ ಅರಚುತ್ತಿದ್ದರು. ತೋಳು ತುಂಬ ಬೊಬ್ಬೆ, ಒಡೆದಲ್ಲಿ ಕೆಂಪಗೆ ಒದ್ದೆಒದ್ದೆ. ಇವರು ಉಳಿಯುವುದಿಲ್ಲ ಎಂದು ನಾನು ತೀರ್ಮಾನಿಸಿದ್ದೆ. ಬಾಗಿಲ ಹತ್ತಿರದ ಮಂಚದಲ್ಲಿ ವಿಕ್ರೋಲಿಯ ಚಾಳಿನಿಂದ ಬಂದ ಒಬ್ಬ ಮುದುಕರಿದ್ದರು, ಸೀಮೆಎಣ್ಣೆ ಸ್ಟವ್ ಸಿಡಿದು ಎದೆ, ಬೆನ್ನು, ಎರಡೂ ತೋಳು ಸುಟ್ಟಿತ್ತು. ಚರ್ಮ ಅಲ್ಲಲ್ಲಿ ಬೆಳ್ಳಗೆ, ಅಲ್ಲಲ್ಲಿ ಹದ ಮಾಡಿದ ತೊಗಲಿನಂತೆ ಕಂದಾಗಿತ್ತು. ಅವರು ಕೂಗಲೇ ಇಲ್ಲ. ಚಹಾ ಕೇಳಿದರು, ಮಗಳಿಗೆ ಏನೋ ಹೇಳಿ ನಗಿಸಿದರು. ಅದೃಷ್ಟವಂತರು ಎಂದುಕೊಂಡೆ. ಮೂರನೆಯ ದಿನ ಅವರ ಮಂಚ ಖಾಲಿಯಾಗಿತ್ತು. ಸಾಹೇಬರು ಮೂರು ವಾರದೊಳಗೆ ತೋಳು ಬೀಸಿಕೊಂಡು ಮನೆಗೆ ಹೋದರು.

ನನಗೆ ಇದು ತಲೆಗೆ ಹತ್ತಲಿಲ್ಲ. ಸಿಸ್ಟರನ್ನು ಕೇಳಿದೆ. ಅವರಿಗೆ ಹೇಳಿಕೊಡುವುದು ಇಷ್ಟ, ಬ್ಯಾಂಡೇಜು ಬಿಚ್ಚುವಾಗ ಹೇಳುತ್ತಾ ಹೋದರು. ಮೇಲಿನ ಪದರ ಮಾತ್ರ ಸುಟ್ಟರೆ ಕೆಂಪಾಗುತ್ತದೆ, ಉರಿಯುತ್ತದೆ, ನಾಲ್ಕೈದು ದಿನಕ್ಕೆ ಸಿಪ್ಪೆ ಎದ್ದು ಹೋಗುತ್ತದೆ. ಅದಕ್ಕಿಂತ ಒಳಗೆ ಹೋದರೆ ನೀರು ತುಂಬಿದ ಬೊಬ್ಬೆ, ವಿಪರೀತ ನೋವು, ಆದರೆ ಅಡಿಯಲ್ಲಿ ಜೀವ ಉಂಟು, ಚರ್ಮ ಮತ್ತೆ ಬರುತ್ತದೆ. ಪೂರ್ತಿ ಆಳಕ್ಕೆ ಸುಟ್ಟರೆ ನೋವು ತಿಳಿಸುವ ನರವೇ ಸುಟ್ಟುಹೋಗಿರುತ್ತದೆ, ರೋಗಿ ಆರಾಮವಾಗಿದ್ದೇನೆ ಅನ್ನುತ್ತಾನೆ. ಆಳ ಒಂದಾದರೆ ಅಗಲ ಇನ್ನೊಂದು. ರೋಗಿಯ ಅಂಗೈ, ಬೆರಳೂ ಸೇರಿ, ಅವನ ಮೈಯ ನೂರರಲ್ಲಿ ಒಂದು ಪಾಲು. ಅಂಥ ಎಷ್ಟು ಅಂಗೈಯಷ್ಟು ಸುಟ್ಟಿದೆ ಎಂದು ನೋಡಬೇಕು. ಮುಖ, ಕೈ, ಪಾದ, ಕೀಲುಗಳಾದರೆ ಸ್ವಲ್ಪವೇ ಸುಟ್ಟರೂ ಸ್ವಲ್ಪವಲ್ಲ. ನೀರಿಗಿಂತ ಬೇಳೆಯ ಸಾಂಬಾರು ಕೆಟ್ಟದ್ದು, ಅದು ಅಂಟಿಕೊಂಡು ಕೂತು ಬೇಯಿಸುತ್ತದೆ.

“ಕೂಗುವವರನ್ನು ಕಂಡರೆ ನನಗೆ ಹೆದರಿಕೆ ಇಲ್ಲ,” ಎಂದರು. “ಸುಮ್ಮನೆ ಇರ್ತಾರಲ್ಲ, ಅವರನ್ನು ಕಂಡರೆ ಹೆದರಿಕೆ.”

ಹಾಗೆನ್ನುತ್ತಲೇ ಒಂದು ಸೂಜಿ ತೆಗೆದುಕೊಂಡು ನನ್ನ ಎಡಗಾಲಿನ ಆರಾಮವಾಗಿದ್ದ ಜಾಗಕ್ಕೆ ಚುಚ್ಚಿದರು. ನನಗೆ ಗೊತ್ತಾಗಲಿಲ್ಲ. ಇನ್ನೊಮ್ಮೆ ಚುಚ್ಚಿದರು. ನಾನು ದೇವರಿಗೆ ಕೈ ಮುಗಿದದ್ದು ಕಾಲಿನ ಸತ್ತ ಭಾಗಕ್ಕೆ! ಅಲ್ಲಿನ ಬಿಳಿ ಚರ್ಮವನ್ನು ಕತ್ತರಿಸಿ ತೆಗೆದು ತೊಡೆಯ ಚರ್ಮ ತಂದು ಹೊಲಿದರು. ಇಂದಿಗೂ ಆ ಜಾಗ ಬೆವರುವುದಿಲ್ಲ, ಮಳೆಗಾಲದ ಮೊದಲು ಹುಚ್ಚು ಹಿಡಿಸುವಂತೆ ತುರಿಸುತ್ತದೆ. ಗಾಯ ಮಾಯುವಾಗ ಚರ್ಮ ಎಳೆದುಕೊಂಡು ಪಾದ ಸ್ವಲ್ಪ ಒಳಕ್ಕೆ ತಿರುಗಿತು. ಭಟ್ಟಿಯ ಮುಂದೆ ಹನ್ನೆರಡು ಗಂಟೆ ನಿಲ್ಲುವ ಕಾಲಲ್ಲ ಇದು ಎಂದು ಕೊನೆಗೆ ಡಾಕ್ಟರು ಹೇಳಿದರು. ಆದರೆ ಅದು ಆಮೇಲಿನ ಮಾತು. ಆಗ ಇನ್ನೂ ನನ್ನ ತಲೆ ತುಂಬ ಮುಲುಂಡೇ ಇತ್ತು.

ಭಟ್ಟರು ಪ್ರತಿ ಗುರುವಾರ ತಮ್ಮ ರಜೆಯ ದಿನ ನಾಲ್ಕು ಗಂಟೆಗೆ ಬರುತ್ತಿದ್ದರು. ಫ್ಲಾಸ್ಕಿನಲ್ಲಿ ಕಾಫಿ, ಚೀಲದಲ್ಲಿ ಸ್ಟೀಲಿನ ಲೋಟ. ಹೊಯ್ದು ನನಗೆ ಕೊಟ್ಟು, ನಾನು ಹಿಡಿದು ಕುಡಿಯುವುದನ್ನು ನೋಡುತ್ತಾ ಕುಳಿತುಕೊಳ್ಳುತ್ತಿದ್ದರು. ಹೆಚ್ಚು ಮಾತಿಲ್ಲ. ಅವರು ಹೋದ ಮೇಲೆ ನಾನು ಪಕ್ಕದವರಿಗೆಲ್ಲ ಅವರ ಕೈಯ ಕಥೆ ಹೇಳುತ್ತಿದ್ದೆ, ಕೆಂಡ ಎತ್ತಿದ್ದನ್ನು ಅಭಿನಯಿಸಿ ತೋರಿಸುತ್ತಿದ್ದೆ. ಸಿಸ್ಟರ್ ಒಮ್ಮೆ ನಿಂತು ಕೇಳಿಸಿಕೊಂಡರು, ಅವರಿಗೆ ನಗು ಬರಲಿಲ್ಲ.

ಐದನೆಯ ಗುರುವಾರ ಭಟ್ಟರು ಬಂದಾಗ ಸಿಸ್ಟರ್ ನನ್ನ ಮಂಚದ ಹತ್ತಿರವೇ ಇದ್ದರು. ಭಟ್ಟರ ಕೈಗೆ ಸುತ್ತಿದ ಬಟ್ಟೆ ನೋಡಿ, ಐದು ವಾರವಾದರೂ ಇನ್ನೂ ಮಾಯಲಿಲ್ಲವೇ, ತೋರಿಸಿ ಎಂದರು. ಭಟ್ಟರು ಬೇಡ ಬೇಡ ಎಂದು ಕೈ ಹಿಂದಕ್ಕೆ ಎಳೆದುಕೊಂಡರು. ಸಿಸ್ಟರ್ ಬಿಡುವವರಲ್ಲ. ಬಟ್ಟೆ ಬಿಚ್ಚಿದರೆ ಎರಡು ಬೆರಳುಗಳ ಒಳಭಾಗ ಕಪ್ಪಾಗಿ ಕೊಳೆತಿತ್ತು, ವಾಸನೆ ಬಂತು. ಅಂಥ ಕೈಯಲ್ಲಿ ಫ್ಲಾಸ್ಕು ಹಿಡಿದುಕೊಂಡು ಲೋಕಲ್ಲಿನಲ್ಲಿ ನೇತಾಡಿಕೊಂಡು ಬಂದಿದ್ದರು. ನಾನು ಹೆಮ್ಮೆಯಿಂದಲೇ ಹೇಳಿದೆ, ಅವರಿಗೆ ಅದೆಲ್ಲ ಲೆಕ್ಕಕ್ಕಿಲ್ಲ ಸಿಸ್ಟರ್, ಎಂದು.

ಸಿಸ್ಟರ್ ಸೂಜಿ ತೆಗೆದರು. ಕಣ್ಣು ಮುಚ್ಚಿಕೊಳ್ಳಿ, ಚುಚ್ಚಿದಾಗ ಹೇಳಿ, ಎಂದರು. ಭಟ್ಟರು ಮುಚ್ಚಿದರು. ಗಾಯದ ಪಕ್ಕದಲ್ಲಿ ಚುಚ್ಚಿ, ಈಗ, ಎಂದು ಕೇಳಿದರು. ಹೌದು, ಎಂದರು ಭಟ್ಟರು. ಸುಡದ ಕಿರುಬೆರಳಿಗೆ ಚುಚ್ಚಿ, ಈಗ, ಎಂದರು. ಹೌದು. ಮಣಿಕಟ್ಟಿನ ಹತ್ತಿರ ಚುಚ್ಚಿ, ಈಗ, ಎಂದರು. ಹೌದು. ಆಮೇಲೆ ಸಿಸ್ಟರ್ ಸೂಜಿಯನ್ನು ಗಾಳಿಯಲ್ಲೇ ಹಿಡಿದು, ಎಲ್ಲಿಯೂ ತಾಗಿಸದೆ, ಈಗ, ಎಂದು ಕೇಳಿದರು.

“ಹೌದು,” ಎಂದರು ಭಟ್ಟರು.

ಸಿಸ್ಟರ್ ನನ್ನನ್ನು ನೋಡಿದರು. ನನಗೆ ಇನ್ನೂ ಅರ್ಥವಾಗಿರಲಿಲ್ಲ. ಅವರು ಒದ್ದೆ ಹತ್ತಿಯಿಂದ ಭಟ್ಟರ ಎಡ ಮುಂದೋಳಿನ ಮೇಲಿನ ಗೋಪಿಚಂದನ ಒರೆಸಿದರು. ಭಟ್ಟರು ದಿನವೂ ಸ್ನಾನ ಮಾಡಿ ಮುದ್ರೆ ಹಾಕಿಕೊಳ್ಳುವವರು. ಎಡತೋಳಿಗೆ ಮಾತ್ರ ದಪ್ಪಗೆ ಬಳಿದುಕೊಳ್ಳುತ್ತಿದ್ದರು, ವರ್ಷದಿಂದ ವರ್ಷಕ್ಕೆ ಭಕ್ತಿ ಹೆಚ್ಚುತ್ತಿದೆ ಎಂದು ನಾವು ತಮಾಷೆ ಮಾಡಿದ್ದಿತ್ತು. ಚಂದನ ಹೋದ ಮೇಲೆ ಅಲ್ಲಿ ಒಂದು ಮಾಸಲು ಬಿಳಿಯ ಮಚ್ಚೆ ಕಂಡಿತು, ಕೂದಲಿಲ್ಲದ್ದು, ಒಣಗಿದ್ದು. ಸಿಸ್ಟರ್ ಏನೋ ಹೇಳಲು ಬಾಯಿ ತೆರೆದರು.

“ಗೊತ್ತುಂಟು ಸಿಸ್ಟರೇ,” ಎಂದರು ಭಟ್ಟರು, ಕಣ್ಣು ತೆರೆಯದೆ.

ಆರು ವರ್ಷದಿಂದ ಗೊತ್ತಿತ್ತು ಅವರಿಗೆ. ನನ್ನನ್ನು ಊರಿನಿಂದ ಕರೆತರುವ ಮೊದಲೇ. ಯಾವುದೋ ದೂರದ ಉಪನಗರದ ದವಾಖಾನೆಗೆ ರಜೆಯ ದಿನ ಬೆಳಿಗ್ಗೆ ಹೋಗಿ ಮಾತ್ರೆ ತರುತ್ತಿದ್ದರು. ಆ ಮಾತ್ರೆಯ ಡಬ್ಬಿಯನ್ನು ನಾನು ನೂರು ಸಲ ನೋಡಿದ್ದೆ, ಹೊಟ್ಟೆ ಉಬ್ಬರಕ್ಕೆ ಎಂದಿದ್ದರು. ಸಿಸ್ಟರ್ ಅವರ ಕೈ ತೊಳೆದು ಮದ್ದು ಕಟ್ಟಿದರು. ಭಟ್ಟರು ಹೋದ ಮೇಲೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಕುಷ್ಠ ಎಂದ ಕೂಡಲೇ ಹೌಹಾರಬೇಡಿ, ಇಷ್ಟು ವರ್ಷ ಮಾತ್ರೆ ತೆಗೆದುಕೊಂಡವರಿಂದ ಯಾರಿಗೂ ಹರಡುವುದಿಲ್ಲ, ರೋಗ ನಿಂತಿದೆ, ಆದರೆ ಸತ್ತ ಸ್ಪರ್ಶ ವಾಪಸು ಬರುವುದಿಲ್ಲ, ಎಂದರು. ಅವರ ಕೈಗೆ ಬಿಸಿಯೂ ತಿಳಿಯದು, ತಂಪೂ ತಿಳಿಯದು. ಹೊರಗೆ ಬಾಯಿ ಬಿಟ್ಟರೆ ಅವರ ಅನ್ನ ಹೋಗುತ್ತದೆ ಎಂದೂ ಎಚ್ಚರಿಸಿದರು. ನಾನು ತಲೆಯಾಡಿಸಿದೆ. ರೋಗದ ಭಯ ನನಗೆ ಆಗಲಿಲ್ಲ ಎಂದರೆ ಸುಳ್ಳು. ಸಿಸ್ಟರ್ ಆಚೆ ಹೋದ ಕೂಡಲೇ ನನ್ನ ತೋಳು, ಎದೆ, ಕಿವಿ ಎಲ್ಲ ಚಿವುಟಿ ನೋಡಿಕೊಂಡೆ.

ಭಾನುವಾರ ಧಣಿಗಳು ಬಂದರು. ಮೂಸಂಬಿ ತಂದಿದ್ದರು. ಮುಲುಂಡಿನ ಹೋಟೆಲಿಗೆ ಬಣ್ಣ ಬಳಿಯುವುದು ಮುಗಿಯಿತು, ನಿನ್ನ ಕಾಲು ಬೇಗ ಸರಿ ಮಾಡಿಕೋ ಎಂದರು. ಆಮೇಲೆ ಸುಮ್ಮನಿರದೆ, ತಾವಾದರೆ ಯಾವತ್ತೋ ನನಗೆ ಪೂರ್ತಿ ಅಡಿಗೆಮನೆ ಒಪ್ಪಿಸುತ್ತಿದ್ದರು, ಬಾಡಿಗೆಗೆ ಜಾಗ ಸಿಕ್ಕು ಎರಡು ವರ್ಷವಾಯಿತು, ಭಟ್ಟರೇ ನನ್ನನ್ನು ಬಿಟ್ಟುಕೊಡಲು ಒಪ್ಪುತ್ತಿರಲಿಲ್ಲ, ಅವನಿಲ್ಲದೆ ತಾನೂ ಇಲ್ಲ ಎಂದು ಹಟ ಹಿಡಿದಿದ್ದರು, ಎಂದರು. ಎಂಥ ಪ್ರೀತಿ ನೋಡು, ಎಂದು ನಕ್ಕರು.

ಆ ನಗು ಮುಗಿಯುವುದರೊಳಗೆ ನನಗೆ ಎಲ್ಲವೂ ಅರ್ಥವಾಯಿತು. ಹಂಡೆಯ ನೀರಿಗೆ ಮೊದಲು ನಾನು. ಲೋಟ ಮೊದಲು ನನ್ನ ಕೈಗೆ. ಕೊಪ್ಪರಿಗೆ ಎತ್ತುವ ಮೊದಲು ಒಂದು ನೋಟ ನನ್ನ ಮುಖದ ಮೇಲೆ. ಹಿಡಿಬಟ್ಟೆ ಕೂಡದು, ಏಕೆಂದರೆ ಬಟ್ಟೆ ಹಿಡಿದರೆ ನನಗೆ ಬಿಸಿ ತಾಗುವುದಿಲ್ಲ, ತಾಗದಿದ್ದರೆ ನನ್ನ ಮುಖದಲ್ಲಿ ಕಾಣುವುದಿಲ್ಲ. ನಾಲ್ಕು ವರ್ಷ ನಾನು ಅವರ ಶಿಷ್ಯ ಎಂದುಕೊಂಡಿದ್ದೆ. ಶಿಷ್ಯನಲ್ಲ, ಅವರ ಚರ್ಮವಾಗಿದ್ದೆ. ನಾಚಿಕೆಯಿಂದ ಮೈ ಬಿಸಿಯಾಯಿತು. ಅಮ್ಮ ಹಚ್ಚಿಸಿದ ದೀಪಗಳೆಲ್ಲ ನೆನಪಾಗಿ ಇನ್ನಷ್ಟು ಸಿಟ್ಟು ಬಂತು. ಎದುರಿಗೆ ಧಣಿಗಳು ಮೂಸಂಬಿ ಸುಲಿಯುತ್ತಾ ಕುಳಿತಿದ್ದರು. ಒಂದು ಮಾತು ಹೇಳಿದರೆ ಸಾಕಿತ್ತು, ಆ ಸಂಜೆಗೇ ಭಟ್ಟರು ಬೀದಿಯಲ್ಲಿರುತ್ತಿದ್ದರು. ಹೇಳಲಿಲ್ಲ. ದಯೆಯಿಂದಲ್ಲ, ಮೊದಲು ಅವರ ಬಾಯಿಂದ ಕೇಳಬೇಕಾಗಿತ್ತು. ಗುರುವಾರದವರೆಗೆ ಕಾದೆ.

ಗುರುವಾರ ನಾಲ್ಕಕ್ಕೆ ಸರಿಯಾಗಿ ಬಂದರು. ಸ್ಟೂಲು ಎಳೆದುಕೊಂಡು ಕುಳಿತು, ಫ್ಲಾಸ್ಕು ತೆರೆದು ಕಾಫಿ ಹೊಯ್ದು ಲೋಟ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಹಿಡಿದಿದ್ದು ಮಂಚದ ಪಕ್ಕದ ಪೆಟ್ಟಿಗೆಯ ಮೇಲೆ ಇಟ್ಟರು. ಕೇಳಬೇಕೆಂದುಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಕೇಳಿದೆ. ಆಚೆ ಮಂಚದವರು ತಿರುಗಿ ನೋಡಿದರು. ಭಟ್ಟರು ತಲೆ ತಗ್ಗಿಸಲಿಲ್ಲ, ಸುಳ್ಳೂ ಹೇಳಲಿಲ್ಲ. ಹೌದು, ಎಂದರು.

“ನಿನ್ನ ಮುಖ ನೋಡಿಯೇ ನಂಗೆ ಬಿಸಿ ಗೊತ್ತಾಗುದು,” ಎಂದರು. “ನೀ ಮುಖ ಕಿವುಚಿದ್ರೆ ನಾ ಕೆಳಗೆ ಇಡ್ತಿದ್ದೆ. ಆವತ್ತು ನೋಡಿದೆ. ನಿನ್ನ ಮುಖದಲ್ಲಿ ಎಂತದೂ ಇಲ್ಲ. ಬಿಸಿ ಇಲ್ಲಾಂತ ಗ್ರಹಿಸಿದೆ ಮಾರಾಯ.”

ನನ್ನ ಆರು ತಿಂಗಳ ಸಾಧನೆ! ಅವರನ್ನು ಮೆಚ್ಚಿಸಲು ಬೆರಳು ಸುಟ್ಟುಕೊಂಡು ಪಳಗಿಸಿದ ಮುಖ. ಅದರಿಂದಲೇ ಅವರು ಕುರುಡಾದರು, ನನ್ನ ಕಾಲು ಹೋಯಿತು. ನನಗೆ ಅಳು ಬಂತು, ಅವರ ಎದುರು ಅಳಬಾರದೆಂದು ಗೋಡೆಯ ಕಡೆ ತಿರುಗಿದೆ. ಒಂದು ಮಾತು ಹೇಳಿದ್ದರೆ ಸಾಕಾಗಿತ್ತಲ್ಲ, ಎಂದೆ. ಬಿಸಿ ಉಂಟು, ಬಿಸಿ ಇಲ್ಲ, ಎಂದು ಬಾಯಲ್ಲೇ ಹೇಳುತ್ತಿದ್ದೆನಲ್ಲ ದಿನವೂ. ಬಟ್ಟೆ ಹಿಡಿಯಬಹುದಿತ್ತು, ಕೋಲು ಸಿಕ್ಕಿಸಬಹುದಿತ್ತು. ಇಷ್ಟು ವರ್ಷ ಮಗನ ಹಾಗೆ ಇಟ್ಟುಕೊಂಡವರು ನನಗೊಬ್ಬನಿಗೆ ಯಾಕೆ ಹೇಳಲಿಲ್ಲ?

ಭಟ್ಟರು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಮುಚ್ಚಿದರು. ಕಿಟಕಿಯಾಚೆ ಒಂದು ಫಾಸ್ಟ್ ಲೋಕಲ್ ಹಾದುಹೋಯಿತು.

“ಹೇಳಿದ್ರೆ ನೀ ನನ್ನ ಒಟ್ಟಿಗೆ ನಿಲ್ತಿದ್ದೆಯಾ?” ಎಂದು ಕೇಳಿದರು.

ನಿಲ್ಲುತ್ತಿದ್ದೆ, ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಪೆಟ್ಟಿಗೆಯ ಮೇಲಿದ್ದ ಲೋಟ ನೋಡಿದರು. ಅವರ ಕೈಯಿಂದ ನಾನು ತೆಗೆದುಕೊಳ್ಳದ ಕಾಫಿ ಹಾಗೆಯೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ಎದ್ದು ಅದನ್ನು ಮೂಲೆಯ ಮೋರಿಗೆ ಚೆಲ್ಲಿ, ಲೋಟವನ್ನು ಎರಡು ಸಲ ತೊಳೆದು, ಚೀಲಕ್ಕೆ ಹಾಕಿಕೊಂಡು ಹೋದರು.